ಗಾರೆ ಗಂಗಯ್ಯನ ಎಡಗೈ

ಹೊಳೆನರಸೀಪುರದಲ್ಲಿ ನಾನು ಮೊದಲು ಸ್ನೇಹ ಮಾಡಿಕೊಂಡದ್ದು ಗಂಗಯ್ಯನ ಎಡಗೈಯೊಡನೆ ಎಂದರೆ ತಪ್ಪಾಗಲಾರದು. ಐವತ್ತೆರಡನೆಯ ಇಸವಿಯಲ್ಲಿ ಅಲ್ಲಿನ ಮಾಧ್ಯಮಿಕ ಶಾಲೆಗೆ ಕನ್ನಡದ ಮೇಷ್ಟರಾಗಿ ಹೋದೆ. ಅದೇ ಬೇಸಿಗೆಯಲ್ಲಿ ಶಾಲೆಯ ಗೋಡೆಗಳಿಗೆ ಗಾರೆ ಮಾಡಲು ಅವನು ಬಂದ. ಬಲಗೈಯಲ್ಲಿ ಕರಣೆ, ಎಡಗೈಯಲ್ಲಿ ಗಾರೆ ತುಂಬಿದ ಹಲಗೆ. ಬಲಗೈ ಗೋಡೆಯ ಮೇಲೆ ಮೇಲಕ್ಕೂ ಕೆಳಕ್ಕೂ ಆಡುತ್ತಲೇ ಇರುತ್ತಿತ್ತು. ಎಡಗೈ ಮಾತ್ರ ಅಷ್ಟು ಭಾರವನ್ನು ಹೊತ್ತು, ಗಾಳಿಗೆ ಆರದಂತೆ ದೀಪ ಹಿಡಿದವರ ಕೈಯ ಹಾಗೆ ಅಲುಗದೆ ನಿಂತಿರುತ್ತಿತ್ತು.

ಒಂದು ದಿನ ನಾನು ಕೇಳಿಯೇಬಿಟ್ಟೆ: “ಆ ಕೈ ನೋಯುವುದಿಲ್ಲವೆ ಗಂಗಯ್ಯ?”

“ಬಲಗೈದು ಬರೀ ಶೋಕಿ, ಸಾ. ಎಲ್ರೂ ಅದನ್ನೇ ನೋಡ್ತಾರೆ. ಸಂಸಾರ ಮಾಡೋದೆಲ್ಲ ಎಡಗೈನೇಯ” ಎಂದು ನಕ್ಕ.

ಆ ಮಾತು ಗಾರೆ ಕೆಲಸಕ್ಕೆ ಮಾತ್ರ ಸಂಬಂಧಪಟ್ಟದ್ದಲ್ಲ ಎಂದು ನನಗೆ ತಿಳಿದದ್ದು ಅವನ ಮನೆಯ ಭಜನೆಗೆ ಹೋದ ಮೇಲೆ.

ಅವನ ಮನೆ ಊರ ಅಂಚಿನ ಕೇರಿಯಲ್ಲಿತ್ತು. ಮಣ್ಣಿನ ಗೋಡೆ, ನಾಡಹೆಂಚು. ಹಿಂದಿನ ಅಡಿಗೆಮನೆ ಒಬ್ಬರು ತಿರುಗಿದರೆ ಇನ್ನೊಬ್ಬರಿಗೆ ತಾಗುವಷ್ಟು ಚಿಕ್ಕದು. ಮುಂದಿನ ಕೋಣೆಯನ್ನು ಮಾತ್ರ ಸಂಸಾರಕ್ಕೆ ಬೇಕಾದುದಕ್ಕಿಂತ ದೊಡ್ಡದಾಗಿ ತಾನೇ ಕಟ್ಟಿಕೊಂಡಿದ್ದ. ಶನಿವಾರ ಸಂಜೆ ಅಲ್ಲಿ ಭಜನೆ. ಆ ಕಾಲದಲ್ಲಿ ಪೇಟೆಯ ಕಡೆಯವರು ಆ ಕೇರಿಗೆ ಕೂಲಿಯಾಳನ್ನು ಕರೆಯುವುದಕ್ಕಲ್ಲದೆ ಹೋಗುತ್ತಿದ್ದುದು ಕಡಮೆ. ನಾನು ಹೋಗುತ್ತಿದ್ದೆ. ಮೊದಲ ಸಲ ಬಾಗಿಲಲ್ಲಿ ನಿಂತಾಗ ಹಾಡುತ್ತಿದ್ದವರೆಲ್ಲ ಎದ್ದುನಿಂತರು. ಮೂರನೆಯ ವಾರದ ಹೊತ್ತಿಗೆ “ಮೇಷ್ಟ್ರು ಬಂದ್ರು, ಜರುಗ್ರಲಾ” ಎಂದು ಚಾಪೆಯಲ್ಲಿ ಜಾಗ ಮಾಡಿಕೊಡುವಷ್ಟಾಯಿತು. ನನ್ನ ದನಿ ಅಂಥದ್ದೇನೂ ಅಲ್ಲ. ನಾನು ಹೋಗುತ್ತಿದ್ದುದು ಮೃದಂಗ ಕೇಳುವುದಕ್ಕೆ.

ಮೃದಂಗ ಅವನ ತಂದೆ ಶಿವಯ್ಯನದು; ಬಾರಿಸುತ್ತಿದ್ದವನು ಗಂಗಯ್ಯ. ಬಲಮುಖ ಚುರುಕಾಗಿ ಮಾತಾಡುತ್ತದೆ, ಎಡಮುಖ ಒಳಗಿನಿಂದ ಗುಂ ಎನ್ನುತ್ತದೆ. ಎಡಮುಖ ಹಾಗೆ ಗುಂ ಎನ್ನಬೇಕಾದರೆ ಅದರ ನಡುವಿಗೆ ನೀರಿನಲ್ಲಿ ಕಲಸಿದ ರವೆಯನ್ನು ಮೆತ್ತಬೇಕು. ರವೆ ಒಣಗಿದರೆ ದನಿಯೂ ಒಣಗುತ್ತದೆ. ಆ ಕೆಲಸ ಗಂಗಯ್ಯನ ಹೆಂಡತಿ ಹೊನ್ನಕ್ಕನದು. ಕೋಣೆಯ ಮೂಲೆಯಲ್ಲಿ ರಾಗಿ ತುಂಬುವ ದೊಡ್ಡ ಮಣ್ಣಿನ ವಾಡೆಯೊಂದಿತ್ತು. ಭಜನೆ ನಡೆಯುವಷ್ಟು ಹೊತ್ತೂ ಆಕೆ ಆ ವಾಡೆಗೆ ಒರಗಿ, ರವೆಯ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿರುತ್ತಿದ್ದಳು. ಗುಂ ಎನ್ನುವುದು ತುಸು ಸೊರಗಿತೆಂದರೆ ಸಾಕು, ಅವನು ತಿರುಗಿ ನೋಡುವುದಕ್ಕೆ ಮೊದಲೇ ಬಟ್ಟಲು ಅವನ ಮಗ್ಗುಲಿಗೆ ಸರಿಯುತ್ತಿತ್ತು. ರವೆ ಸಿಕ್ಕದ ಬರಗಾಲದ ದಿನಗಳಲ್ಲಿ ರಾಗಿಮುದ್ದೆಯ ಚೂರೊಂದನ್ನು ನಾದಿ ಕೊಡುತ್ತಿದ್ದಳು.

“ಈ ಮನೇಲಿ ಮೊದಲ ತುತ್ತು ಮದ್ದಲೆಗೆ, ಆಮೇಲೆ ನನಗೆ” ಎಂದು ಅವಳು ದೂರುವುದು.

“ಅದು ತಿಂದಿದ್ದಕ್ಕೆ ಗುಂ ಅಂತದೆ. ನೀನು ತಿಂದ್ರೆ ಬರೀ ಗೊಣಗ್ತೀಯೆ” ಎಂದು ಅವನು ಹೇಳುವುದು. ಇದು ಪ್ರತಿ ಶನಿವಾರದ ಮಾತು. ಮಕ್ಕಳಿಲ್ಲದ ಆ ಮನೆಯಲ್ಲಿ ಮೃದಂಗವನ್ನು ಕೂಸಿನಂತೆ ನಡುವೆ ಇಟ್ಟುಕೊಂಡು ಇಬ್ಬರೂ ಜಗಳವಾಡುತ್ತಿದ್ದರು.

ಅರಕಲಗೂಡು, ಚನ್ನರಾಯಪಟ್ಟಣ, ಕಾವೇರಿ ದಂಡೆಯ ರಾಮನಾಥಪುರ, ಎಲ್ಲೆಲ್ಲಿಂದಲೋ ಭಜನೆಯ ಮೇಳದವರು ಅವನನ್ನು ಕರೆಯುತ್ತಿದ್ದರು. ಅರಕಲಗೂಡಿನ ಬೈರಯ್ಯನೆಂಬ ಹಿರಿಯ ಹಾಡುಗಾರನಂತೂ ಗಂಗಯ್ಯನ ಎಡಗೈ ಇಲ್ಲದಿದ್ದರೆ ತನಗೆ ಪದವೇ ಏಳುವುದಿಲ್ಲ ಎನ್ನುತ್ತಿದ್ದ. ಗಂಗಯ್ಯ ಆ ಹೊಗಳಿಕೆಯನ್ನೆಲ್ಲ ಕೇಳಿ, ಎಡಗೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದ, ಅಷ್ಟೆ. ಆದರೆ ಅದು ಅವನಿಗೆ ಊಟದಷ್ಟೇ ಬೇಕಾಗಿತ್ತೆಂದು ನಾನು ಬಲ್ಲೆ.

ಭಜನೆಗೆ ಪೇಟೆಯಿಂದ ಬರುತ್ತಿದ್ದ ಇನ್ನೊಬ್ಬನೆಂದರೆ ಕೃಷ್ಣಪ್ಪ. ಪೇಟೆಬೀದಿಯಲ್ಲಿ ಅವನಿಗೆ ರೇಡಿಯೊ ರಿಪೇರಿಯ ಅಂಗಡಿ; ಮದುವೆಗೆ, ನಾಟಕಕ್ಕೆ ಮೈಕ್ ಸೆಟ್ಟನ್ನೂ ಬಾಡಿಗೆಗೆ ಕೊಡುತ್ತಿದ್ದ. ಎಲ್ಲರೂ ಅವನನ್ನು ಕಿಟ್ಟಪ್ಪ ಎನ್ನುತ್ತಿದ್ದರು. ಅರವತ್ತನಾಲ್ಕರಲ್ಲಿ ಸಕಲೇಶಪುರದ ಕಡೆಯ ಕಾಫಿ ತೋಟದ ಸಾಹುಕಾರರೊಬ್ಬರು ಮನೆ ಖಾಲಿ ಮಾಡುವಾಗ ಅವನು ಒಂದು ಟೇಪ್ ರೆಕಾರ್ಡರನ್ನೂ ಎರಡು ಸ್ಪೀಕರ್ ಪೆಟ್ಟಿಗೆಗಳನ್ನೂ ಕೊಂಡುತಂದ. ಒಂದು ಪೆಟ್ಟಿಗೆಯಿಂದ ಒಂದು ಬಗೆಯ ದನಿ, ಇನ್ನೊಂದರಿಂದ ಇನ್ನೊಂದು ಬಗೆ; ಎರಡೂ ಕೂಡಿದರೆ ಹಾಡುವವರು ಎದುರಿಗೇ ಕುಳಿತಂತಿರುತ್ತದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ. ಯಂತ್ರವನ್ನು ಪರೀಕ್ಷಿಸುವುದಕ್ಕೆ, ಬೈರಯ್ಯನೂ ಹಾಡಲು ಬಂದಿದ್ದ ರಾಮನವಮಿಯ ಭಜನೆಗೆ ಅದನ್ನು ತಂದು, ಒಂದು ಮೈಕನ್ನು ಹಾಡುವವರ ಮುಂದೆ, ಇನ್ನೊಂದನ್ನು ಮೃದಂಗದ ಮುಂದೆ ಇಟ್ಟು ಎಲ್ಲವನ್ನೂ ಟೇಪಿನಲ್ಲಿ ಹಿಡಿದುಕೊಂಡ. ಮಾರನೆಯ ದಿನವೇ ಯಂತ್ರದ ಯಾವುದೋ ಬಿಡಿಭಾಗ ಕೆಟ್ಟಿತು. ಅದು ಮದರಾಸಿನಿಂದ ಬರಬೇಕಾಗಿತ್ತು. ಟೇಪು ಡಬ್ಬಿಯೊಳಗೇ ಉಳಿಯಿತು. ಕ್ರಮೇಣ ಎಲ್ಲರೂ ಅದನ್ನು ಮರೆತೆವು.

ಅರವತ್ತಾರರ ಕಾರ್ತಿಕದಲ್ಲಿ ಗಂಗಯ್ಯ ಹಾಸನದ ರಸ್ತೆಯಲ್ಲೊಂದು ಮನೆಗೆ ಗಾರೆ ಮಾಡುತ್ತಿದ್ದಾಗ ಎಡಗೈಯಲ್ಲಿದ್ದ ಹಲಗೆ ತಾನಾಗಿ ಜಾರಿ ಬಿದ್ದಿತು. ಬಗ್ಗಿ ಎತ್ತಿಕೊಳ್ಳಲು ಹೋದರೆ ಕೈ ಹೋಗಲಿಲ್ಲ. ಕಾಲೂ ಮಡಿಸಿಕೊಂಡಿತು. ಹಾಸನದ ಆಸ್ಪತ್ರೆಯಲ್ಲಿ ಕೆಲವು ವಾರ ಇರಿಸಿಕೊಂಡು, ಪಾರ್ಶ್ವವಾಯು, ಜೀವಕ್ಕೆ ಭಯವಿಲ್ಲ, ಕೈಯನ್ನು ಸುಮ್ಮನೆ ಬಿಡದೆ ಆಡಿಸುತ್ತಿರಿ ಎಂದು ಹೇಳಿ ಕಳುಹಿಸಿದರು. ಮಾತು ತುಸು ತೊದಲಿತಾದರೂ ಉಳಿದಿತ್ತು.

ಅವನನ್ನು ಮುಂದಿನ ಕೋಣೆಯಲ್ಲಿ ಮಂಚದ ಮೇಲೆ ಮಲಗಿಸಿದರು. ನಮ್ಮ ಕಡೆ ಮಣ್ಣಿನ ಗೋಡೆಯ ಮನೆಗಳಲ್ಲಿ ಮಂಚವನ್ನು ಗೋಡೆಗೆ ತಾಗಿಸುವುದಿಲ್ಲ. ಗೋಡೆಯ ಬುಡದಿಂದ ಇರುವೆ ಹತ್ತುತ್ತದೆ, ಸಂದಿನಿಂದ ತಿಗಣೆ ಇಳಿಯುತ್ತದೆ. ಹೊನ್ನಕ್ಕ ಮಂಚವನ್ನು ಕೋಣೆಯ ನಟ್ಟನಡುವೆ ಹಾಕಿಸಿ, ನಾಲ್ಕು ಕಾಲಿಗೂ ನೀರು ತುಂಬಿದ ತಗಡಿನ ಮುಚ್ಚಳಗಳನ್ನು ಇಟ್ಟಿದ್ದಳು. ನೋಡಲು ಬಂದವರು ಸುತ್ತಲೂ ಕುಳಿತುಕೊಳ್ಳುವುದಕ್ಕೂ ಅನುಕೂಲವಾಗಿತ್ತು.

ನಾನು ಹೋದಾಗಲೆಲ್ಲ ಒಂದು ನೋಟ ಕಾಣುತ್ತಿತ್ತು. ಗಂಗಯ್ಯ ಬಲಗೈಯಿಂದ ಎಡಗೈಯನ್ನು ಎತ್ತಿ, ಮಡಿಸಿದ ಕಂಬಳಿಯ ಮೇಲೆ ಬಿಡುವನು. ಮತ್ತೆ ಎತ್ತುವನು, ಮತ್ತೆ ಬಿಡುವನು. ಬಾಯಲ್ಲಿ ತಾಳ. ಮೃದಂಗ ಎದುರಿನ ಗೂಟದಲ್ಲಿ ತೂಗುತ್ತಿತ್ತು.

“ಎಂಗೈತೆ ಮೇಷ್ಟ್ರೇ, ನನ್ನ ಹೊಸ ಮದ್ದಲೆ?” ಎಂದು ಕಂಬಳಿಯನ್ನು ತೋರಿಸಿ ಕೇಳುವನು.

“ರವೆ ಸಾಲದು” ಎನ್ನುತ್ತಿದ್ದೆ.

ಮೂಲೆಯಿಂದ ಹೊನ್ನಕ್ಕ, “ಕಂಬಳಿಗೂ ರವೆ ಮೆತ್ತಿಸ್ಬುಟ್ಟು ಓಗ್ಬ್ಯಾಡಿ ಸಾ, ನಾನೇ ಒಗೀಬೇಕು” ಎನ್ನುವಳು.

ಹೀಗೆ ದಿನಗಳು ಸಾಗುತ್ತಿದ್ದಾಗ ಕಿಟ್ಟಪ್ಪನಿಗೆ ಆ ಟೇಪಿನ ನೆನಪಾಯಿತು. ಬಿಡಿಭಾಗವೂ ಬಂದಿತ್ತು. ಗಂಗಯ್ಯನಿಗೆ ಅವನ ಮೃದಂಗವನ್ನೇ ಕೇಳಿಸಿದರೆ ಉತ್ಸಾಹ ಬರುತ್ತದೆ, ಕೈಗೂ ಬಲ ಬಂದೀತು ಎಂದು ಅವನ ಆಸೆ. ನನಗೂ ಅದು ಸರಿಯೆನಿಸಿತು. ಒಂದು ಭಾನುವಾರ ಮಧ್ಯಾಹ್ನ ಯಂತ್ರವನ್ನೂ ಪೆಟ್ಟಿಗೆಗಳನ್ನೂ ಹೊರಿಸಿಕೊಂಡು ಬಂದ.

ಆಗ ಮನೆಯಲ್ಲಿ ರೇಡಿಯೊ ಇದ್ದವರು ಅದನ್ನು ಎಲ್ಲಿಡುತ್ತಿದ್ದರೆಂಬುದನ್ನು ಈಗಿನವರಿಗೆ ಹೇಳಬೇಕು. ಗೋಡೆಯಲ್ಲಿ ಆಳೆತ್ತರಕ್ಕೂ ಮೇಲೆ ಒಂದು ಹಲಗೆ ಹೊಡೆದು, ದೇವರ ಪಟದ ಸರಿಸಮಕ್ಕೆ ಇಡುತ್ತಿದ್ದರು. ಮಾತನಾಡುವ ವಸ್ತು ಸರಸ್ವತಿ. ಅದಕ್ಕೆ ಕಾಲು ತಾಗಬಾರದು. ಧೂಳು ಕೂರದಂತೆ ಮೇಲೊಂದು ಕಸೂತಿ ಹಾಕಿದ ಬಟ್ಟೆ. ಕಿಟ್ಟಪ್ಪ ಅದೇ ವಾಡಿಕೆಯಂತೆ ಗಂಗಯ್ಯನ ಗೋಡೆಯಲ್ಲಿ ರಾಮದೇವರ ಪಟದ ಎಡಕ್ಕೊಂದು ಬಲಕ್ಕೊಂದು ಹಲಗೆ ಹೊಡೆದು ಪೆಟ್ಟಿಗೆಗಳನ್ನು ಮೇಲೆ ಕೂರಿಸಿದ. ಅವನ ಹೆಂಡತಿ ಜಯಲಕ್ಷ್ಮಮ್ಮ ಗುಲಾಬಿ ಹೂವಿನ ಕಸೂತಿ ಹಾಕಿಕೊಟ್ಟಿದ್ದ ದಪ್ಪ ಮಕಮಲ್ಲಿನ ಹೊದಿಕೆಗಳು ಪೆಟ್ಟಿಗೆಗಳ ಮುಖವನ್ನು ಮುಚ್ಚಿದ್ದವು. ಹೊನ್ನಕ್ಕ ಎರಡಕ್ಕೂ ಅರಿಸಿನ ಕುಂಕುಮವಿಟ್ಟಳು. ಆ ಮನೆಗೆ ಇದ್ದುದು ಒಂದೇ ದೀಪದ ತಂತಿ. ಬಲ್ಬು ಬಿಚ್ಚಿ, ಅದೇ ಹೋಲ್ಡರಿನಿಂದ ಕರೆಂಟು ಎಳೆದು ಕಿಟ್ಟಪ್ಪ ಟೇಪನ್ನು ಓಡಿಸಿದ.

ತಾಳದ ಸದ್ದು ಬಂತು. ಬೈರಯ್ಯ ಪದ ಎತ್ತಿದ್ದು ಬಂತು. ಮೃದಂಗದ ಬಲಮುಖ ಟಣ್ ಟಣ್ ಎಂದು ಬಂತು. ಮಂಚದ ಮೇಲೆ ಗಂಗಯ್ಯನ ಮುಖ ಅರಳಿತು. ಆಮೇಲೆ ಅವನು ಕತ್ತನ್ನು ತುಸು ಓರೆ ಮಾಡಿದ. ಕಾದ. ಇನ್ನೂ ಕಾದ. ಪದ ಮುಗಿಯುತ್ತ ಬಂದರೂ ಅವನ ಕತ್ತು ಹಾಗೆಯೇ ಇತ್ತು.

“ಎಡಗೈ ಎಲ್ಲೈತೆ ಕಿಟ್ಟಪ್ಪೋರೆ?” ಎಂದ.

“ಐತಲ್ಲ ಗಂಗಣ್ಣ, ತಡಿ, ಇನ್ನೂ ಜೋರು ಮಾಡ್ತೀನಿ.”

ಜೋರು ಮಾಡಿದಷ್ಟೂ ತಾಳ ಕಿವಿ ಇರಿಯಿತು, ಬಲಮುಖ ತಗಡಿನಂತೆ ಚಟಗುಟ್ಟಿತು. ಗುಂ ಎನ್ನುವುದು ಬರಲಿಲ್ಲ. ಕಿಟ್ಟಪ್ಪ ಯಂತ್ರ ನಿಲ್ಲಿಸಿದ.

ಗಂಗಯ್ಯ ಬಲಗೈಯಿಂದ ಎಡಗೈಯನ್ನು ಎತ್ತಿ ಎದೆಯ ಮೇಲೆ ಇಟ್ಟುಕೊಂಡು ಸೂರು ನೋಡುತ್ತ ಮಲಗಿದ. “ಆಗಲೇ ಸತ್ತೋಗಿತ್ತಾ ಇದು?” ಎಂದ. “ಇಲ್ಲಾ ಮೊದ್ಲಿಂದ್ಲೂ ಇಂಗೇನಾ? ನೀವೆಲ್ಲ ಪಾಪ ಅಂತ ತಲೆ ದೂಗ್ತಿದ್ರಾ ಮೇಷ್ಟ್ರೇ?”

“ಏನು ಮಾತು ಗಂಗಯ್ಯ! ನಾನು ನಿನ್ನ ಎಡಗೈ ಕೇಳುವುದಕ್ಕೆಂದೇ ಇಷ್ಟು ವರ್ಷ ಬಂದೆ” ಎಂದೆ.

“ನೀವು ಒಳ್ಳೇವ್ರು ಸಾ. ಒಳ್ಳೇವ್ರು ಅಂಗೇ ಏಳ್ತಾರೆ. ಯಂತ್ರ ಯಾಕೆ ಸುಳ್ಳು ಏಳ್ತದೆ?”

ಅಂದಿನಿಂದ ಅವನು ಕಂಬಳಿಯ ಮೇಲೆ ಕೈ ಬಡಿಯುವುದನ್ನು ನಿಲ್ಲಿಸಿಬಿಟ್ಟ. ಹೊನ್ನಕ್ಕ ಕೈಯನ್ನು ತಿಕ್ಕಲು ಹೋದರೆ ಎಳೆದುಕೊಳ್ಳುತ್ತಿದ್ದ. ಬುಧವಾರ ಅವಳು ಶಾಲೆಯ ಜಗಲಿಯವರೆಗೆ ಬಂದು, ಸೆರಗನ್ನು ಬೆರಳಿಗೆ ಸುತ್ತಿಕೊಂಡು ನಿಂತಳು.

“ಸಾ, ಮದ್ದಲೇನ ಅರಕಲಗೂಡಿನ ಬೈರಣ್ಣಂಗೆ ಕೊಟ್ಬುಡು ಅಂತಾವ್ನೆ. ಬರೋ ಸೋಮವಾರ ಬಂದು ತಕ್ಕಂಡು ಓಗ್ಲಿ ಅಂತ ಏಳ್ಕಳ್ಸವ್ನೆ. ಅದು ಗೂಟದಲ್ಲಿ ಇಲ್ದಿದ್ರೆ ಅವ್ನು ಮಂಚ ಬಿಟ್ಟು ಏಳಾಕಿಲ್ಲ ಸಾ. ನನಗೊತ್ತು.”

ನಾನು ಅಂದೇ ಕಿಟ್ಟಪ್ಪನ ಅಂಗಡಿಗೆ ಹೋದೆ. ಅವನು ಆ ಟೇಪನ್ನೇ ಓಡಿಸಿಕೊಂಡು ತಲೆ ಕೆರೆದುಕೊಳ್ಳುತ್ತಿದ್ದ. ಭಾನುವಾರವೇ ಹಿಂದಕ್ಕೆ ತಂದಿದ್ದ ಪೆಟ್ಟಿಗೆಗಳು ಅಂಗಡಿಯ ನೆಲದ ಮೇಲೆ, ಗೋಡೆಗೆ ಒತ್ತಿಕೊಂಡಿದ್ದವು. ನಾನು ಬಾಗಿಲಲ್ಲೇ ನಿಂತೆ. ಗುಂ ಎನ್ನುವುದು ಹೊಟ್ಟೆಗೆ ತಾಗುವಂತೆ ಬರುತ್ತಿತ್ತು!

“ಕೇಳಿದ್ರಾ ಮೇಷ್ಟ್ರೇ? ಇಲ್ಲಿ ಇದೆ. ಟೇಪಿನಲ್ಲಿ ಇದೆ. ಅಲ್ಲಿ ಯಾಕೆ ಬರ್ಲಿಲ್ಲ ಅಂತ ತಿಳೀದೆ ಮೂರು ದಿನದಿಂದ ಊಟ ಸೇರ್ತಿಲ್ಲ.”

“ಅಲ್ಲಿ ಮೇಲಿಟ್ಟಿದ್ದೆ, ಇಲ್ಲಿ ಕೆಳಗಿಟ್ಟಿದ್ದೀಯೆ. ಅಲ್ಲಿ ಮಕಮಲ್ಲು ಹೊದಿಸಿದ್ದೆ” ಎಂದೆ. ನನಗೆ ಯಂತ್ರದ ವಿಚಾರ ಏನೂ ತಿಳಿಯದು. ಕಣ್ಣಿಗೆ ಕಂಡದ್ದನ್ನು ಹೇಳಿದೆ ಅಷ್ಟೆ.

ಅವನು ಪೆಟ್ಟಿಗೆಗಳಲ್ಲೊಂದನ್ನು ಎತ್ತಿ ಮೇಲಿನ ಗೂಡಿನಲ್ಲಿ ಇಟ್ಟು ನೋಡಿದ, ಗುಂ ತೆಳುವಾಯಿತು. ಕೆಳಗಿಳಿಸಿ ಗೋಡೆಗೆ ಒತ್ತಿದ, ದಪ್ಪವಾಯಿತು. ಮೂಲೆಗೆ ಸರಿಸಿದ, ಇನ್ನೂ ದಪ್ಪವಾಯಿತು. ಅವನ ಕಣ್ಣು ಬೆಳಗಿತು. “ದಪ್ಪ ದನಿಗೆ ಒರಗಿಕೊಳ್ಳೋಕೆ ನೆಲ ಬೇಕು, ಗೋಡೆ ಬೇಕು, ಮೇಷ್ಟ್ರೇ. ನಾನು ಅದನ್ನ ಅಟ್ಟಕ್ಕೆ ಹತ್ತಿಸಿ ಬಾಯಿಗೆ ಬಟ್ಟೆ ತುರುಕಿಬಿಟ್ಟಿದ್ದೆ. ನಮ್ಮನೆಯವಳಿಗೆ ಮಾತ್ರ ಈ ಬಟ್ಟೆ ವಿಚಾರ ಹೇಳಬೇಡಿ.”

ಭಾನುವಾರ ಮಧ್ಯಾಹ್ನ ಮತ್ತೆ ಹೋದೆವು. ಮಾರನೆಯ ದಿನ ಬೈರಯ್ಯ ಬರುವವನಿದ್ದ. ಗಂಗಯ್ಯ ಯಂತ್ರವನ್ನು ನೋಡಿ ಮುಖ ತಿರುಗಿಸಿಕೊಂಡ.

“ಯಾಕೆ, ಮತ್ತೆ ಗಾಯಕ್ಕೆ ಉಪ್ಪು ಉಯ್ಯೋಕೆ ಬಂದ್ರಾ?”

“ಒಂದೇ ಸಲ ಕೇಳು ಗಂಗಣ್ಣ. ಆಮೇಲೆ ಬೇಕಾದ್ರೆ ಈ ಪೆಟ್ಟಿಗೇನೂ ಬೈರಯ್ಯಂಗೇ ಕೊಟ್ಟುಬಿಡು” ಎಂದ ಕಿಟ್ಟಪ್ಪ.

ಪೆಟ್ಟಿಗೆಗಳನ್ನು ನೆಲದ ಮೇಲೆ ಇಡಲು ಹೋದಾಗ ಹೊನ್ನಕ್ಕ ಅಡ್ಡ ನಿಂತಳು. “ಕುಂಕುಮ ಇಟ್ಟಿದ್ದು ಕಣಪ್ಪ! ಓಡಾಡೋ ಕಾಲು ತಾಗ್ತದೆ. ನೆಲದ ಮ್ಯಾಲೆ ಬ್ಯಾಡ.”

ಕಿಟ್ಟಪ್ಪ ನನ್ನ ಮುಖ ನೋಡಿದ. ನಾನು, “ಹೊನ್ನಕ್ಕ, ಗಂಗಯ್ಯ ಎಲ್ಲಿ ಕೂತು ಬಾರಿಸುತ್ತಿದ್ದ?” ಎಂದು ಕೇಳಿದೆ.

“ನೆಲದ ಮ್ಯಾಲೆ. ಇನ್ನೆಲ್ಲಿ, ಅಟ್ಟದ ಮ್ಯಾಲಾ?” ಎಂದವಳು ತಾನೇ ತಡೆದು ನಿಂತಳು. ಅಡಿಗೆಮನೆಗೆ ಹೋಗಿ ಊಟಕ್ಕೆ ಕೂರುವ ಎರಡು ಮಣೆಗಳನ್ನು ತಂದಳು. ಸೆರಗಿನಿಂದ ಒರೆಸಿ ಗೋಡೆಯ ಬುಡದಲ್ಲಿ ಹಾಕಿದಳು. “ಅವನೂ ಮಣೆ ಮ್ಯಾಲೇ ಕೂರ್ತಿದ್ದಿದ್ದು. ಇಕ್ಕಿ.”

ಪೆಟ್ಟಿಗೆಗಳು ಮಣೆಯ ಮೇಲೆ ಕುಳಿತವು, ಹೊದಿಕೆಯಿಲ್ಲದೆ, ಬೆನ್ನು ಗೋಡೆಗೆ ಕೊಟ್ಟು. ಟೇಪು ತಿರುಗಿತು. ಗೋಡೆಯ ಬಳಿ ಕುಕ್ಕುರುಗಾಲಿನಲ್ಲಿ ಕುಳಿತಿದ್ದ ಕಿಟ್ಟಪ್ಪ ಕುಣಿದುಬಿಟ್ಟ: “ಬಂತು! ಬಂತು ನೋಡು ಗಂಗಣ್ಣ!” ಬಾಗಿಲ ಬಳಿಯ ಗೋಡೆಗೆ ಒರಗಿ ನಿಂತಿದ್ದ ನನಗೂ ಅದು ಚೆನ್ನಾಗಿ ಕೇಳಿಸಿತು. ನನ್ನ ಕಣ್ಣು ತುಂಬಿಬಂದಿತು.

ಗಂಗಯ್ಯ ನಮ್ಮಿಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದ.

“ಬಂದಿಲ್ಲ” ಎಂದ.

“ಅಯ್ಯೋ, ಬಂತಲ್ಲ ಗಂಗಣ್ಣ! ಗುಂ ಅಂತ ಕೇಳಿಸ್ತಿಲ್ವಾ?”

“ಇಲ್ಲ ಕಣಪ್ಪ. ನನ್ನ ಕೈಯಿ ಹೋಗದೆ, ಕಿವಿ ಹೋಗಿಲ್ಲ.” ನನ್ನ ಕಡೆ ತಿರುಗಿದ. “ನೀವೂವಾ ಮೇಷ್ಟ್ರೇ? ನನಗೋಸ್ಕರ ಅಳಾದು ಬ್ಯಾರೆ ಕಲ್ತ್ರಾ?”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು. ನಾವು ಅವನಿಗಾಗಿ ಸುಳ್ಳಾಡುತ್ತಿದ್ದೇವೆಂದು ಅವನು ನಂಬಿದ್ದ, ಕ್ಷಮಿಸಿಯೂ ಬಿಟ್ಟಿದ್ದ. ಕಿಟ್ಟಪ್ಪ ದಿಕ್ಕು ತಪ್ಪಿದವನಂತೆ ಯಂತ್ರದ ಗುಂಡಿಗಳನ್ನು ಸುಮ್ಮನೆ ಮುಟ್ಟುತ್ತಿದ್ದ. ನಾನು ಸಮಾಧಾನ ಹೇಳೋಣವೆಂದು ಮಂಚದ ಬಳಿಗೆ ಹೋಗಿ ಅವನ ತಲೆದಿಂಬಿನ ಪಕ್ಕದಲ್ಲಿ ಕುಳಿತೆ. ಕುಳಿತವನು ಬೆಚ್ಚಿದೆ. ಗುಂ ಇಲ್ಲ! ಟೇಪು ಓಡುತ್ತಲೇ ಇತ್ತು. ತಾಳ ಇತ್ತು, ಪದ ಇತ್ತು, ಬಲಮುಖ ಇತ್ತು. ಬಾಗಿಲ ಬಳಿ ಎದೆಗೆ ತಾಗುತ್ತಿದ್ದ ಆ ದಪ್ಪ ದನಿ ಮಾತ್ರ ಮಂಚದ ಬಳಿ ಇರಲೇ ಇಲ್ಲ. ಎದ್ದು ಬಾಗಿಲಿಗೆ ಹೋದೆ, ಇತ್ತು. ಮರಳಿ ಬಂದು ಕುಳಿತೆ, ಇಲ್ಲ.

“ಗಂಗಯ್ಯ, ನೀನು ಹೇಳುವುದು ನಿಜ. ಇಲ್ಲಿ ಇಲ್ಲ” ಎಂದೆ.

ಅವನು ಚಕ್ಕನೆ ನನ್ನ ಕಡೆ ನೋಡಿದ. ಆ ವಾರದಲ್ಲಿ ಅವನು ನನ್ನ ಮಾತನ್ನು ನಂಬಿದ್ದು ಅದೇ ಮೊದಲು.

“ಇಲ್ಲ ಅಲ್ವಾ?”

“ಇಲ್ಲ. ಆದರೆ ಅಲ್ಲಿ ಇದೆ. ಬಾಗಿಲ ಬಳಿ.”

“ಅದೆಂಗೆ ಸಾ? ಒಂದೇ ಮನೇಲಿ ಅಲ್ಲಿ ಇದ್ದು ಇಲ್ಲಿ ಇಲ್ದಂಗೆ?”

ಅಷ್ಟರಲ್ಲಿ ಮೂಲೆಯಿಂದ ದನಿ ಬಂತು. ಹೊನ್ನಕ್ಕ ಯಾವಾಗಲೋ ಹೋಗಿ ತನ್ನ ಹಳೆಯ ಜಾಗದಲ್ಲಿ ಕುಳಿತುಬಿಟ್ಟಿದ್ದಳು, ವಾಡೆಗೆ ಒರಗಿಕೊಂಡು. ಮಡಿಲಲ್ಲಿ ಬಟ್ಟಲು ಮಾತ್ರ ಇರಲಿಲ್ಲ. ಅವಳ ಕಣ್ಣು ಮುಚ್ಚಿತ್ತು.

“ಇಲ್ಲಿ ಐತೆ” ಎಂದಳು. “ಇಲ್ಲಿ ಎಲ್ಲಾ ಐತೆ. ದಿನಾ ಎಂಗ್ ಕೇಳ್ತಿತ್ತೋ ಅಂಗೇ ಐತೆ. ವಾಡೆ ನನ್ನ ಬೆನ್ನಿಗೆ ಗುದ್ದುತಾ ಐತೆ ಕಣೋ.”

ಗಂಗಯ್ಯ ಅವಳನ್ನೇ ನೋಡಿದ. ನಮ್ಮನ್ನು ನಂಬದವನು ಅವಳ ಮಾತನ್ನಾದರೂ ನಂಬಿದನೋ ಇಲ್ಲವೋ, “ನನ್ನ ಅಲ್ಲಿಗೆ ಎತ್ಕಂಡೋಗಿ” ಎಂದ.

“ಮಂಚ ಗೋಡೆಗೆ ತಾಗಿಸ್ಬಾರ್ದು. ಇರುವೆ ಅತ್ತವೆ” ಎಂದು ಹೊನ್ನಕ್ಕ ಕಣ್ಣು ಬಿಟ್ಟಳು.

“ಅತ್ಲಿ. ನನ್ನ ಕಚ್ಚಿ ಕಚ್ಚಿ ಅವಕ್ಕೇ ಬ್ಯಾಸರ ಆಯ್ತದೆ. ಎತ್ರಿ.”

ಕಿಟ್ಟಪ್ಪ ತಲೆಯ ಕಡೆ, ನಾನು ಕಾಲ ಕಡೆ. ಮಂಚ ಭಾರವಾಗಿತ್ತು. ಎತ್ತುವುದರ ಬದಲು ಎಳೆದೆವು. ತಗಡಿನ ಮುಚ್ಚಳಗಳೆಲ್ಲ ಮಗುಚಿ ನೀರು ಸಗಣಿ ಸಾರಿಸಿದ ನೆಲದ ಮೇಲೆ ಹರಿಯಿತು. ಹೊನ್ನಕ್ಕ ಸೆರಗು ಎತ್ತಿ ಕಟ್ಟಿ ವಾಡೆಯ ಬಳಿ ಜಾಗ ಬಿಟ್ಟಳು. ಮಂಚದ ತಲೆಭಾಗ ಮೂಲೆಗೆ ಹೋಗಿ ತಾಗಿತು. ಗೋಡೆಯ ಸುಣ್ಣ ಅವನ ಹೆಗಲಿಗೆ ಮೆತ್ತಿಕೊಂಡಿತು. ಕಿಟ್ಟಪ್ಪ ಟೇಪನ್ನು ಹಿಂದಕ್ಕೆ ಸುತ್ತಿ ಮೊದಲಿನಿಂದ ಬಿಟ್ಟ.

ತಾಳ. ಬೈರಯ್ಯನ ಪದ. ಆಮೇಲೆ ಗುಂ.

ಗಂಗಯ್ಯನ ಕತ್ತು ಓರೆಯಾಯಿತು. ಮುಖದಲ್ಲಿ ನಂಬಿಕೆಯೂ ಇರಲಿಲ್ಲ, ಅಪನಂಬಿಕೆಯೂ ಇರಲಿಲ್ಲ. ತಾನು ಮೆತ್ತಿದ ಗೋಡೆಯನ್ನು ಸಂಜೆ ಹೊರಡುವ ಮುನ್ನ ಒಂದು ಸಲ ನೋಡುತ್ತಿದ್ದಾಗ ಇರುತ್ತಿದ್ದ ನಿಗಾ ಮಾತ್ರ ಇತ್ತು. ಯಂತ್ರ ಏನಾದರೂ ಮಾಯ ಮಾಡುತ್ತಿರಬಹುದೆಂದು ಅವನು ಶಂಕಿಸುತ್ತಿದ್ದನೋ ಏನೋ. ಪದ ಎರಡನೆಯ ನುಡಿಗೆ ಬಂತು, ನಡೆ ಚುರುಕಾಯಿತು, ಗುಂ ಗುಂ ಎಂದು ಒಂದರ ಬೆನ್ನಿಗೊಂದು ಹತ್ತಿ ಬಂದವು. ಅಲ್ಲೊಂದು ಕಡೆ ಅವನು ತಟ್ಟನೆ, “ಆಯ್!” ಎಂದ.

ನಾವು ಹೆದರಿದೆವು. “ಏನಾಯ್ತು ಗಂಗಣ್ಣ?”

“ಜಾರ್ತು ಅಲ್ಲಿ! ಕೇಳಿಸ್ಲಿಲ್ವಾ? ಎಡಗೈ ಜಾರಿ ಅರ್ಧ ಏಟು ಹಿಂದೆ ಬಿತ್ತು. ರವೆ ಒಣಗೋಗಿತ್ತು ಕಣ್ರೀ ಅವತ್ತು. ಈ ಹೊನ್ನಿ ಪಾನಕ ಹಂಚೋಕೆ ಹೋಗಿ ಬಟ್ಟಲ ಮರ್ತು ಕೂತಿದ್ಲು!”

“ನಾನಾ! ಪಾನಕ ಕೇಳಿದ್ದು ನಿನ್ನ ಮೇಳದೋರೇ ತಾನೆ! ಎರಡು ಕೈಯಾಗೆ ಎಷ್ಟು ಕೆಲಸ ಮಾಡ್ಲಿ?”

“ಮತ್ತೆ ಸರಿಯಾಯ್ತು ನೋಡಿ ಈಗ. ಈಗ ರವೆ ಕೊಟ್ಟವ್ಳೆ. ಕೇಳಿ, ಕೇಳಿ. ಎಂಗೆ ಒದ್ದೆ ಆಯ್ತು ದನಿ!”

ಅವನು ನಗುತ್ತಿದ್ದ. ಕಣ್ಣಿನಿಂದ ನೀರೂ ಇಳಿಯುತ್ತಿತ್ತು. ಹೊಗಳಿಕೆ ಸುಳ್ಳಿರಬಹುದು, ಯಂತ್ರವೂ ಸುಳ್ಳಾಡಬಹುದು. ಆದರೆ ಆ ಒಂದು ತಪ್ಪು ಅವನದೇ. ಅದು ಅವನಿಗೂ ಹೊನ್ನಕ್ಕನಿಗೂ ಹೊರತು ಲೋಕದಲ್ಲಿ ಇನ್ನಾರಿಗೂ ತಿಳಿದಿರಲಿಲ್ಲ. ತಪ್ಪು ಅಲ್ಲಿದ್ದುದರಿಂದ, ಅದರ ಹಿಂದೆ ಮುಂದೆ ಇದ್ದ ಸರಿಯಾದ ಏಟುಗಳೂ ಅವನದೇ ಎಂದಾಯಿತು. ಅವನು ಬಲಗೈಯಿಂದ ಎಡಗೈಯನ್ನು ಎತ್ತಿ ವಾಡೆಯ ಹೊಟ್ಟೆಯ ಮೇಲೆ ಅಂಗೈ ಅಗಲಿಸಿ ಇಟ್ಟುಕೊಂಡ. ರಾಗಿ ಅರ್ಧ ಖಾಲಿಯಾಗಿದ್ದ ಆ ವಾಡೆ ಗುಂ ಎಂದಾಗಲೆಲ್ಲ ಮೆಲ್ಲಗೆ ನಡುಗುತ್ತಿತ್ತು. ಕೈಗೆ ಅದು ತಿಳಿಯುತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ.

ಸೋಮವಾರ ಅರಕಲಗೂಡಿನಿಂದ ಬಸ್ಸಿನಲ್ಲಿ ಬೈರಯ್ಯ ಬಂದ. ಮೃದಂಗ ಸುತ್ತಿಕೊಂಡು ಹೋಗಲೆಂದು ಹೆಗಲ ಮೇಲೆ ಹಳೆಯ ದುಪ್ಪಟಿಯನ್ನೂ ತಂದಿದ್ದ. ಗಂಗಯ್ಯ ಅವನನ್ನು ಮೂಲೆಯಲ್ಲಿ ಕೂರಿಸಿಕೊಂಡು ಟೇಪು ಕೇಳಿಸಿದ. “ನೀನು ಎರಡನೇ ನುಡೀಲಿ ಓಡ್ಬುಟ್ಟಿದ್ದೀಯೆ ಕಣ್ಲಾ ಬೈರ, ಅದಕ್ಕೇ ನಂದು ಜಾರಿದ್ದು” ಎಂದು ಜಗಳ ತೆಗೆದ. ಹೊನ್ನಕ್ಕನ ಮೇಲಿದ್ದ ದೂರು ಒಂದೇ ದಿನದಲ್ಲಿ ಬೈರಯ್ಯನ ಮೇಲೆ ಹೋಗಿತ್ತು. ಬೈರಯ್ಯ ಊಟ ಮಾಡಿ, ಬರಿಯ ದುಪ್ಪಟಿ ಹೊದ್ದು ಸಂಜೆಯ ಬಸ್ಸಿಗೆ ಹಿಂದಿರುಗಿದ.

ಆಮೇಲೆ ಕಿಟ್ಟಪ್ಪ ಬಹಳ ದಿನ ಇದೇ ಗುಂಗಿನಲ್ಲಿದ್ದ. ಯಾರ ಮನೆಗೆ ರೇಡಿಯೊ ಕೊಟ್ಟರೂ ಅದನ್ನು ಅಲ್ಲಿಟ್ಟು ಇಲ್ಲಿಟ್ಟು, ಮನೆಯವರನ್ನು ಅಲ್ಲಿ ಕೂರಿಸಿ ಇಲ್ಲಿ ಕೂರಿಸಿ, ಅವರಿಗೆ ಬೇಸರವಾಗುವವರೆಗೂ ಬಿಡುತ್ತಿರಲಿಲ್ಲ. ದಪ್ಪ ದನಿ ಗೋಡೆಗಳ ಬಳಿಯಲ್ಲೂ ಮೂಲೆಯಲ್ಲೂ ಕೂಡಿಕೊಳ್ಳುತ್ತದೆ, ಕೋಣೆಯ ನಡುವೆ ಕೆಲವು ಕಡೆ ಅಡಗಿಹೋಗುತ್ತದೆ. ಪೆಟ್ಟಿಗೆ ಎಲ್ಲಿದೆ ಎಂಬುದರಷ್ಟೇ ಕೇಳುವವನು ಎಲ್ಲಿದ್ದಾನೆ ಎಂಬುದೂ ಮುಖ್ಯ ಎಂದು ಅವನು ಹೇಳುತ್ತಿದ್ದ. ಅದರ ಕಾರಣವನ್ನು ಹಾಸನದಲ್ಲಿ ಯಾರನ್ನೋ ಕೇಳಿಕೊಂಡು ಬಂದು ನನಗೆ ವಿವರಿಸಿದ. ನನಗೆ ಪೂರ್ತಿ ಅರ್ಥವಾಗಲಿಲ್ಲ. ಜಯಲಕ್ಷ್ಮಮ್ಮನ ಮಕಮಲ್ಲಿನ ಹೊದಿಕೆಗಳು ಕೊನೆಗೆ ಗಂಗಯ್ಯನ ತಲೆದಿಂಬಿಗೆ ಬಂದವು. ಗುಲಾಬಿ ಹೂ ಚುಚ್ಚುತ್ತದೆಂದು ಅವನು ದೂರುತ್ತಿದ್ದ.

ಎಡಗೈ ಮತ್ತೆ ಮೃದಂಗ ಬಾರಿಸುವಷ್ಟು ಏಳಲಿಲ್ಲ. ಬೆರಳು ಮಡಿಸುವಷ್ಟಾಯಿತು, ಲೋಟ ಹಿಡಿಯುವಷ್ಟಾಯಿತು. ಕಂಬಳಿಯ ಮೇಲೆ ಬಡಿಯುವುದನ್ನು ಮಾತ್ರ ಅವನು ಆ ಭಾನುವಾರದ ಮರುದಿನದಿಂದಲೇ ಮತ್ತೆ ಆರಂಭಿಸಿ ಕೊನೆಯವರೆಗೂ ಬಿಡಲಿಲ್ಲ. ಶನಿವಾರದ ಭಜನೆಯೂ ಮತ್ತೆ ಕೂಡಿತು. ಕೇರಿಯ ಬೇರೆ ಬೇರೆಯವರು ಮೃದಂಗಕ್ಕೆ ಕುಳಿತುಕೊಳ್ಳುತ್ತಿದ್ದರು, ಅವನು ಮೂಲೆಯ ಮಂಚದಿಂದಲೇ “ಎಡಗೈ ಎಲ್ಲೋಯ್ತಲಾ? ಸಂಸಾರ ಬಿಟ್ಟು ಓಡೋಯ್ತಾ?” ಎಂದು ಕೂಗಿ ಎಲ್ಲರನ್ನೂ ನಗಿಸುತ್ತಿದ್ದ. ಅರವತ್ತೊಂಬತ್ತರಲ್ಲಿ ನನಗೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ಹೇಳಿಬರಲು ಹೋದಾಗ ಅವನು ಕಂಬಳಿಯ ಮೇಲೆ ತಾಳ ಹಾಕುತ್ತಿದ್ದ. ಹೊನ್ನಕ್ಕ ಮಂಚದ ಕಾಲಿನ ಬಳಿ ಬಗ್ಗಿ ಅರಿಸಿನದ ಪುಡಿಯಿಂದ ಗೆರೆ ಎಳೆಯುತ್ತಿದ್ದಳು.

“ನೋಡಿ ಸಾ ನೀವು ಮಾಡಿದ ಕೆಲಸ. ಅವತ್ತಿಂದ ಒಂದು ದಿನ ಬಿಡದಂಗೆ ಇರುವೆ. ಮಂಚ ಈಚ್ಗೆ ಎಳಿ ಅಂದ್ರೆ ಕೇಳಾಕಿಲ್ಲ. ನೀವಾದ್ರೂ ಒಂದು ಮಾತು ಏಳಿ” ಎಂದಳು.

ನಾನು ಮಂಚವನ್ನು ನೋಡಿದೆ. ಅದರ ತಲೆಭಾಗ ತಾಗಿದ್ದ ಕಡೆ ಗೋಡೆಯ ಸುಣ್ಣ ಸವೆದು, ಗಂಗಯ್ಯನ ತಲೆಯ ಎಣ್ಣೆ ಇಳಿದು, ಒಂದು ಕಂದು ಗುರುತಾಗಿತ್ತು. ಅವಳ ಕೈಯಿಂದ ಅರಿಸಿನದ ಬಟ್ಟಲನ್ನು ತೆಗೆದುಕೊಂಡು ಇನ್ನೊಂದು ಕಾಲಿಗೆ ನಾನೇ ಗೆರೆ ಎಳೆದೆ.